ಮೈನಸ್ ಯಾರದು

ಪೆರಿಯಕುಳಂನಿಂದ ಹೊರಟ ಬಸ್ಸಿನಲ್ಲಿ ಕಿಟಕಿಯ ಪಕ್ಕದ ಸೀಟು ಸಿಕ್ಕಿದರೂ ಜೆಯಂತಿ ಹೊರಗೆ ನೋಡಲಿಲ್ಲ. ‘ಅದು ಬರೀ ಬರೆಯೋ ರೀತಿ ಸಾರ್’ ಎಂದು ನಿನ್ನೆ ಸಂಜೆ ತನ್ನ ಬಾಯಿಂದಲೇ ಬಂದ ಮಾತು ಹಲ್ಲಿನ ಸಂದಿಗೆ ಸಿಕ್ಕ ನಾರಿನಂತೆ ಇನ್ನೂ ಅಲ್ಲೇ ಕೂತಿತ್ತು. ಬೇಡವೆಂದರೂ ನಾಲಿಗೆ ಅಲ್ಲಿಗೇ ಹೋಗುತ್ತಿತ್ತು. ಬರೀ ಬರೆಯೋ ರೀತಿ. ಹದಿನಾರು ವರ್ಷದಿಂದ ಹನ್ನೊಂದನೇ ಕ್ಲಾಸಿಗೆ ಭೌತಶಾಸ್ತ್ರ ಹೇಳಿಕೊಡುತ್ತಿರುವವಳು ಆಡುವ ಮಾತೇ ಅದು? ಪ್ರತಿ ಜೂನಿನಲ್ಲಿ ಹೊಸ ಮಕ್ಕಳೆದುರು ನಿಂತು, ಅಕ್ಷರದ ತಲೆಯ ಮೇಲೆ ಬಾಣವಿದ್ದರೆ ಅದು ವೆಕ್ಟರ್, ಅದರಲ್ಲಿ ದಿಕ್ಕೂ ಸೇರಿದೆ. ಬಾಣವಿಲ್ಲದ ಬೋಳು ಅಕ್ಷರ ಅದರ ಅಳತೆ ಮಾತ್ರ, ಅಳತೆ ಯಾವತ್ತೂ ಸೊನ್ನೆಗಿಂತ ಕೆಳಗಿಳಿಯುವುದಿಲ್ಲ. ಅಕ್ಷರದ ಕಾಲ ಬುಡದಲ್ಲಿ ಪುಟ್ಟ x ಅಥವಾ y ಬರೆದರೆ ಅದು ಕಾಂಪೊನೆಂಟ್, ಅಂದರೆ ಆ ದಿಕ್ಕಿನ ಪಾಲು, ಪ್ಲಸ್ಸು ಮೈನಸ್ಸು ಎಲ್ಲ ಅದಕ್ಕೆ ಸೇರಿದ್ದು, ಎಂದು ಮೂರು ಬಣ್ಣದ ಸೀಮೆಸುಣ್ಣದಲ್ಲಿ ಬರೆದು ತೋರಿಸುವವಳು. ಮೂರೂ ಒಂದೇ ಅಂತ ಬರೆದವರು ಮೂರನ್ನೂ ಅರ್ಥ ಮಾಡಿಕೊಂಡಿಲ್ಲ ಎಂದು ಗದರುವವಳು. ಬಾಣ ಮರೆತವರಿಗೆ ಅರ್ಧ ಅಂಕ ಕತ್ತರಿಸುವವಳು. ಎಷ್ಟು ಮಕ್ಕಳ ಎಷ್ಟು ಅರ್ಧ ಅಂಕಗಳನ್ನು ಹೀಗೆ ಕತ್ತರಿಸಿದ್ದೇನೋ! ಆಗೆಲ್ಲ ಬರೆಯುವ ರೀತಿ ಅಷ್ಟು ದೊಡ್ಡದಾಗಿತ್ತು. ವಿಭಾಗದ ಮುಖ್ಯಸ್ಥ ಮೋಹನ್‌ರಾಜ್ ಎದುರು ಕೂತಾಗ ಮಾತ್ರ ಅದು ‘ಬರೀ’ ಆಯಿತು.

ಮುಂದಿನ ಸೀಟಿನ ಹೆಂಗಸಿನ ಮುಡಿಯಲ್ಲಿದ್ದ ಮಲ್ಲಿಗೆ ಬಸ್ಸಿನ ಕುಲುಕಾಟಕ್ಕೆ ಒಂದೊಂದಾಗಿ ಉದುರುತ್ತಿತ್ತು. ಅದನ್ನು ನೋಡುತ್ತ ಜೆಯಂತಿಗೆ ವಿನಾಕಾರಣ ಆ ಹೆಂಗಸಿನ ಮೇಲೂ ಸಿಟ್ಟು ಬಂತು. ಇಂದು ಶನಿವಾರ. ಹನ್ನೊಂದು ಗಂಟೆಗೆ ಅವಳ ಕ್ಲಾಸಿನ ಹುಡುಗಿ ಓಚ್ಚಮ್ಮಾಳ್ ತನ್ನ ತಾಯಿಯನ್ನು ಕರೆದುಕೊಂಡು ಬರಬೇಕು. ಬಂದು ಮೋಹನ್‌ರಾಜ್ ಅವರಲ್ಲಿ ಲಿಖಿತವಾಗಿ ಕ್ಷಮೆ ಕೇಳಬೇಕು. ಇಲ್ಲದಿದ್ದರೆ ಟಿ.ಸಿ. ತೆಗೆದುಕೊಂಡು ಹೋಗಬೇಕು. ಜನವರಿ ತಿಂಗಳಲ್ಲಿ ಟಿ.ಸಿ. ಹಿಡಿದ ಹುಡುಗಿಯನ್ನು ಯಾವ ಶಾಲೆ ಸೇರಿಸಿಕೊಳ್ಳುತ್ತದೆ? ಒಂದು ವರ್ಷ ಹೋಯಿತು ಎಂದೇ ಅರ್ಥ. ಎರಡು ಅಂಕದ ಪ್ರಶ್ನೆಯಿಂದ ಹುಟ್ಟಿದ್ದು ಇದೆಲ್ಲ.

ಚೆಂಡೊಂದನ್ನು ನೆಟ್ಟಗೆ ಮೇಲಕ್ಕೆ ಎಸೆಯಲಾಗಿದೆ. ಮೇಲಿನ ದಿಕ್ಕನ್ನು ಧನವೆಂದು ಹಿಡಿದರೆ ಅದರ ವೇಗೋತ್ಕರ್ಷ ಎಷ್ಟು, ಗುರುತ್ವದ g ಎಷ್ಟು? ಅರೆವಾರ್ಷಿಕ ಪರೀಕ್ಷೆಯ ಪ್ರಶ್ನೆ ಅದು. ಓಚ್ಚಮ್ಮಾಳ್ a ಅಕ್ಷರದ ಕಾಲಿಗೆ y ಹಚ್ಚಿ ಮೈನಸ್ ಒಂಬತ್ತು ಪಾಯಿಂಟ್ ಎಂಟು ಎಂದು ಬರೆದಿದ್ದಳು. ಕೆಳಗಿನ ಸಾಲಿನಲ್ಲಿ g ಒಂಬತ್ತು ಪಾಯಿಂಟ್ ಎಂಟು, ಮೈನಸ್ ಇಲ್ಲ. ಕೂದಲೆಳೆಯಷ್ಟೂ ತಪ್ಪಿಲ್ಲ. ಆದರೆ ಉತ್ತರ ಪತ್ರಿಕೆ ತಿದ್ದಿದ್ದು ಮೋಹನ್‌ರಾಜ್, ಮಾದರಿ ಉತ್ತರ ತಯಾರಿಸಿದ್ದೂ ಅವರೇ. ಅದರಲ್ಲಿ g ಎಂದರೇ ಮೈನಸ್ ಒಂಬತ್ತು ಪಾಯಿಂಟ್ ಎಂಟು. ಹುಡುಗಿಗೆ ಸೊನ್ನೆ. ಅರುವತ್ತು ದಾಟಿದವರಿಗೆ ಮಾತ್ರ ಅವರ ಸ್ಪೆಷಲ್ ಬ್ಯಾಚಿನಲ್ಲಿ ಜಾಗ. ಇವಳು ಐವತ್ತೊಂಬತ್ತಕ್ಕೆ ನಿಂತಳು. ಉಳಿದ ಮಕ್ಕಳಾದರೆ ಅತ್ತು ಸುಮ್ಮನಾಗುತ್ತಿದ್ದರು. ಇವಳು ಕೆಂಪು ಗೀಟಿನ ಕೆಳಗೆ ಪೆನ್ಸಿಲಿನಲ್ಲಿ, ‘ಸಾರ್, g ಎಂದರೆ ಅಳತೆ. ಅಳತೆಗೆ ಮೈನಸ್ ಇಲ್ಲ. ಮೈನಸ್ ಇರುವುದು ಕಾಂಪೊನೆಂಟಿಗೆ. ಜೆಯಂತಿ ಮಿಸ್ ನೋಟ್ಸ್, ಹದಿನಾಲ್ಕನೇ ಪುಟ’ ಎಂದು ಬರೆದು ಪತ್ರಿಕೆಯನ್ನು ಹಿಂದಕ್ಕೆ ಕೊಟ್ಟಿದ್ದಳು.

‘ಹದಿನಾಲ್ಕನೇ ಪುಟವಂತೆ!’ ಮೋಹನ್‌ರಾಜ್ ನಿನ್ನೆ ಸ್ಟಾಫ್ ರೂಮಿನಲ್ಲಿ ಅದನ್ನು ಎಲ್ಲರಿಗೂ ಕೇಳುವ ಹಾಗೆ ಓದಿದ್ದರು. ಕೂತ ಏಳೆಂಟು ಮಂದಿ ನಕ್ಕಿದ್ದರು. ಆಮೇಲೆ ಅವರು ಕನ್ನಡಕ ತೆಗೆದು, ಜೆಯಂತಿಯ ಕಡೆ ತಿರುಗಿ, ತುಂಬ ಮೆತ್ತಗೆ, ‘ನೀವು ಹೀಗೇ ಹೇಳಿಕೊಟ್ಟಿದ್ದೀರಾ ಮೇಡಂ?’ ಎಂದು ತಮಿಳಿನಲ್ಲಿ ಕೇಳಿದ್ದರು. ಆ ಮೆತ್ತಗಿನ ದನಿ. ಅದಕ್ಕೆ ತಾನು ಹೌದು ಎಂಬ ಎರಡಕ್ಷರ ಹೇಳಿದ್ದರೆ ಮುಗಿದಿತ್ತು. ‘ಅದು ಬರೀ ಬರೆಯೋ ರೀತಿ ಸಾರ್. ಒಬ್ಬೊಬ್ಬರು ಒಂದೊಂದು ಥರ ಬರೀತಾರೆ’ ಎಂದಿದ್ದಳು. ಯಾರಿಗೂ ನೋವಾಗದ, ಯಾರ ಪರವೂ ಅಲ್ಲದ ಮಾತು. ಹೇಳಿದ ಮರುಕ್ಷಣ ಒಳ್ಳೆಯ ಉತ್ತರ ಕೊಟ್ಟೆನೆಂದು ಅನ್ನಿಸಿತ್ತು ಕೂಡ. ಮೋಹನ್‌ರಾಜ್ ಬಾಗಿಲ ಕಡೆ ಕತ್ತು ಹೊರಳಿಸಿ, ‘ಕೇಳಿಸಿತಾ? ನಿಮ್ಮ ಮಿಸ್ಸೇ ಹೇಳ್ತಿದ್ದಾರೆ’ ಎಂದಾಗಲೇ ಹುಡುಗಿ ಅಷ್ಟು ಹೊತ್ತೂ ಬಾಗಿಲ ಹೊರಗೆ ನಿಂತಿದ್ದಳೆಂದು ಜೆಯಂತಿಗೆ ಗೊತ್ತಾದದ್ದು. ಓಚ್ಚಮ್ಮಾಳ್ ತಲೆ ತಗ್ಗಿಸಿರಲಿಲ್ಲ. ಜೆಯಂತಿಯನ್ನೇ ನೋಡುತ್ತಿದ್ದಳು. ಸಿಟ್ಟಿನಿಂದಲ್ಲ, ಬೋರ್ಡಿನ ಮೇಲಿನ ಲೆಕ್ಕದಲ್ಲಿ ಒಂದು ಸಾಲು ಬಿಟ್ಟುಹೋದಾಗ ಮಕ್ಕಳು ನೋಡುತ್ತಾರಲ್ಲ, ಹಾಗೆ.

ಮೂಕಯ್ಯ ಮೇಷ್ಟ್ರು ನೆನಪಾದರು. ದಿಂಡಿಗಲ್ಲಿನ ಕಾಲೇಜಿನಲ್ಲಿ ಮೊದಲ ವರ್ಷ. ಹಳ್ಳಿಯಿಂದ ಹೋದ ಜೆಯಂತಿ ಬೋರ್ಡಿನ ಮೇಲೆ F ಬರೆದು, ತಲೆಗೆ ಬಾಣ ಹಾಕಿ, ಸಮ, ಮೈನಸ್ ಐದು ಎಂದು ಬರೆದಿದ್ದಳು. ‘ಈ ಐದು ಯಾವ ಕಡೆ ಹೊರಟಿದೆಯಮ್ಮಾ? ಮಧುರೈಗೋ, ತಿರುಚ್ಚಿಗೋ?’ ಎಂದು ಅವರು ಕೇಳಿದಾಗ ಕ್ಲಾಸು ಬಿದ್ದು ಬಿದ್ದು ನಕ್ಕಿತ್ತು. ಅವಳು ಅವತ್ತು ಊಟ ಮಾಡಿರಲಿಲ್ಲ. ಆದರೆ ಅದೇ ಮೂಕಯ್ಯ ಮೇಷ್ಟ್ರು ಫೆಬ್ರುವರಿಯಲ್ಲಿ ತಾವೇ ಒಂದು ಕಡೆ ಬಾಣ ಬಿಟ್ಟಾಗ, ಹಿಂದಿನ ಬೆಂಚಿನಿಂದ ಎದ್ದ ಜೆಯಂತಿ ಅದನ್ನು ಬೆರಳು ಮಾಡಿ ತೋರಿಸಿದ್ದಳು. ಅವರು ಒಂದು ಗಳಿಗೆ ಬೋರ್ಡನ್ನೇ ನೋಡಿ, ಡಸ್ಟರ್ ತೆಗೆದುಕೊಂಡು ಇಡೀ ಸಾಲು ಒರೆಸಿ ಮೊದಲಿಂದ ಬರೆದಿದ್ದರು. ಹೊಗಳಿರಲಿಲ್ಲ. ಒಂದು ಅಕ್ಷರದ ಎದುರು ದೊಡ್ಡ ಮನುಷ್ಯನೊಬ್ಬ ಹಾಗೆ ಸುಮ್ಮನೆ ತಲೆಬಾಗಿದ್ದನ್ನು ನೋಡಿಯೇ ಅವಳು ಭೌತಶಾಸ್ತ್ರ ಓದಿದ್ದು. ಅದನ್ನು ಯಾರಿಗೂ ಹೇಳಿಕೊಂಡಿರಲಿಲ್ಲ. ಹೇಳಿಕೊಳ್ಳುವ ಯೋಗ್ಯತೆಯೂ ನಿನ್ನೆಗೆ ಮುಗಿಯಿತು ಎನ್ನಿಸಿ, ತೇನಿ ಬಸ್ ಸ್ಟ್ಯಾಂಡಿನಲ್ಲಿ ಇಳಿಯುವಾಗ ಮೈಯೆಲ್ಲ ಉರಿಯುತ್ತಿತ್ತು. ಎಷ್ಟು ಸಲೀಸಾಗಿ ಆ ಮೋಹನ್‌ರಾಜ್ ಅವಳ ನಾಲಿಗೆಯಿಂದಲೇ ಅವಳ ಪಾಠವನ್ನು ಅಳಿಸಿಹಾಕಿಸಿದ!

ಎರಡು ಪೀರಿಯಡ್ ಹೇಗೆ ಕಳೆದವೋ. ಹತ್ತೂಮುಕ್ಕಾಲಿಗೆ ಆಫೀಸಿನ ವರಾಂಡದಲ್ಲಿ ಹುಡುಗಿಯ ತಾಯಿ ದೈವಾನೈ ನಿಂತಿದ್ದಳು. ಕಂಬಂ ಕಡೆಯ ದ್ರಾಕ್ಷಿ ತೋಟದವಳು. ಅಂಗೈಯ ಗೆರೆಗಳಲ್ಲಿ ಔಷಧಿ ಹೊಡೆದ ನೀಲಿ ಇನ್ನೂ ಇತ್ತು. ಬೆಳಗಿನ ಮೊದಲ ಬಸ್ಸಿಗೇ ಬಂದಿರಬೇಕು. ಪಕ್ಕದಲ್ಲಿ ಮಗಳಿರಲಿಲ್ಲ. ಜೆಯಂತಿಯನ್ನು ನೋಡಿದ್ದೇ ಎದುರಿಗೆ ಬಂದಳು.

‘ಟೀಚರಮ್ಮ, ನೀವು ನಮ್ಮವರಂತಲ್ಲಾ. ಓಚ್ಚಿ ಯೋಳಿದ್ಲು. ನಿಮ್ ಅವ್ವನ್ ಊರು ಕಂಬಂ ಅಂತ.’

ಮನೆಯ ಕನ್ನಡ. ಈ ಶಾಲೆಯ ಗೋಡೆಗಳ ಒಳಗೆ ಜೆಯಂತಿ ಒಂದು ದಿನವೂ ಆಡದ ಕನ್ನಡ. ಮೋಹನ್‌ರಾಜ್ ಒಮ್ಮೆ, ‘ನಿಮ್ಮ ಮನೆ ಮಾತು ಏನೋ ಬೇರೆಯಂತಲ್ಲ ಮೇಡಂ, ಅದಕ್ಕೇ ನಿಮ್ಮ ತಮಿಳು ಹೀಗಾ?’ ಎಂದು ನಕ್ಕಿದ್ದ ದಿನದಿಂದ ಫೋನಿನಲ್ಲಿ ತಾಯಿ ಮಾತಾಡಿದರೂ ಅವಳು ತಮಿಳಿನಲ್ಲೇ ಉತ್ತರಿಸುತ್ತಿದ್ದಳು. ಈಗಲೂ ತಮಿಳಿನಲ್ಲೇ, ‘ಕೂತ್ಕೊಳ್ಳಿ, ಪ್ರಿನ್ಸಿಪಾಲ್ ಕರೀತಾರೆ’ ಎಂದಳು. ದೈವಾನೈ ಕೂರಲಿಲ್ಲ.

‘ಅದಿರ್ಲಿ. ನಂಗೊಂದು ಯೋಳಿ. ನಾನ್ ಓದ್ದವಳಲ್ಲ. ನನ್ ಮಗ್ಳು ಬರ್ದದ್ದು ತಪ್ಪಾ?’

ವರಾಂಡದ ತುದಿಯಲ್ಲಿ ಗುಮಾಸ್ತ ಕಡತ ತಿರುವುತ್ತಿದ್ದ. ಜೆಯಂತಿ ಅವನ ಕಡೆ ನೋಡಿದಳು.

‘ಅವನ್ನ್ ಯಾಕ್ ನೋಡ್ತೀರಿ? ನನ್ನ ನೋಡಿ ಯೋಳಿ. ತಪ್ಪಂದ್ರೆ ನಾನೇ ಅವ್ಳ ಕಪಾಳಕ್ ಬಾರ್ಸಿ ಮನ್ನಿಪ್ಪು ಕೇಳಿಸ್ತೀನಿ. ತಪ್ಪಿಲ್ದೆ ಯಾಕ್ ಕೇಳ್ಬೇಕು?’

‘ತಪ್ಪಿಲ್ಲ ಅಕ್ಕಾ.’ ಕನ್ನಡದಲ್ಲೇ ಬಂತು, ಅವಳು ಕರೆಯದೆಯೇ. ‘ಅವ್ಳು ಬರ್ದದ್ದೇ ಸರಿ.’

ದೈವಾನೈ ಹಿಗ್ಗಲಿಲ್ಲ. ಮುಖ ಬಿಗಿದುಕೊಂಡು ಒಂದು ಹೆಜ್ಜೆ ಹತ್ತಿರ ಬಂದಳು. ‘ಹಂಗಾದ್ರೆ ನೀವಿದ್ದೂ ಯಾಕಿಂಗಾಯ್ತು?’

ಒಳಗಿನಿಂದ ಪ್ರಿನ್ಸಿಪಾಲರ ಗಂಟೆ ಕೇಳಿಸಿತು.

ಪ್ರಿನ್ಸಿಪಾಲರ ಕೋಣೆಯಲ್ಲಿ ಮೋಹನ್‌ರಾಜ್ ಆಗಲೇ ಕೂತಿದ್ದರು. ಓಚ್ಚಮ್ಮಾಳ್ ಗೋಡೆಗೆ ಆನಿಕೊಳ್ಳದೆ ಗೋಡೆಯ ಪಕ್ಕ ನಿಂತಿದ್ದಳು. ದೈವಾನೈಗೆ ಕುರ್ಚಿ ತೋರಿಸಿದರು, ಜೆಯಂತಿಗೆ ತೋರಿಸಲಿಲ್ಲ. ಪ್ರಿನ್ಸಿಪಾಲ್ ವಯಸ್ಸಾದ ಹೆಂಗಸು, ಜಗಳ ಎಂದರೆ ತಲೆನೋವು ಬರುವವರು. ಎಲ್ಲ ಆಗಲೇ ಮುಗಿದಿದೆ ಎನ್ನುವ ಹಾಗೆ ಸಮಾಧಾನದ ದನಿಯಲ್ಲಿ ತಮಿಳಿನಲ್ಲಿ ಶುರು ಮಾಡಿದರು. ಒಳ್ಳೆಯ ಹುಡುಗಿ, ಒಂದು ಗಳಿಗೆ ದುಡುಕಿದಳು, ತಪ್ಪು ಅರಿವಾಗಿದೆ, ಬೆಳಗ್ಗೆ ಬೇಗ ಬಂದು ತಾನೇ ಪತ್ರ ಬರೆದುಕೊಟ್ಟಿದ್ದಾಳೆ, ತಾಯಿ ಒಂದು ಸಹಿ ಹಾಕಿದರೆ ಸಾಕು.

ಬರೆದುಕೊಟ್ಟಿದ್ದಾಳೆ! ಜೆಯಂತಿಗೆ ಒಂದು ಗಳಿಗೆ ಹಗುರವಾಯಿತು. ಅದನ್ನು ಅವಳು ಆಮೇಲೆ ಎಂದೂ ಕ್ಷಮಿಸಿಕೊಳ್ಳಲಿಲ್ಲ. ಸರಿ, ಮುಗಿಯಿತು, ಯಾರೂ ಏನೂ ಹೇಳಬೇಕಾಗಿಲ್ಲ ಎಂದು ಎದೆಯೊಳಗೆ ಯಾರೋ ಉಸಿರುಬಿಟ್ಟರು. ದೈವಾನೈ ಕಾಗದವನ್ನು ಓದಲಾರದೆ ಜೆಯಂತಿಯ ಕೈಗೆ ಕೊಟ್ಟಳು. ‘ಏನಂತ ಬರ್ದವ್ಳೆ, ಓದಿ ಯೋಳಿ.’

ದುಂಡು ದುಂಡಾದ ತಮಿಳು ಅಕ್ಷರ. ‘ಮೋಹನ್‌ರಾಜ್ ಸಾರ್ ಅವರಿಗೆ. ನನ್ನ ಉತ್ತರ ತಪ್ಪು. g ಮೈನಸ್ ಒಂಬತ್ತು ಪಾಯಿಂಟ್ ಎಂಟು. ಜೆಯಂತಿ ಮಿಸ್ ಹಾಗೆ ಹೇಳಿಕೊಟ್ಟಿಲ್ಲ. ನಾನೇ ನೋಟ್ಸಿನಲ್ಲಿ ತಪ್ಪಾಗಿ ಬರೆದುಕೊಂಡಿದ್ದೆ. ಮಿಸ್ ಮೇಲೆ ತಪ್ಪಿಲ್ಲ. ಕ್ಷಮಿಸಿ.’

ಜೆಯಂತಿ ಗಟ್ಟಿಯಾಗಿ, ಕನ್ನಡಕ್ಕೆ ತಿರುಗಿಸುತ್ತ ಓದಿದಳು. ‘ಮಿಸ್ ಹಾಗೆ ಹೇಳಿಕೊಟ್ಟಿಲ್ಲ’ ಎಂಬಲ್ಲಿಗೆ ಬಂದಾಗ ಆ ಸಾಲನ್ನು ಇನ್ನೊಮ್ಮೆ ಓದಿದಳು. ಹದಿನಾರು ವರ್ಷದ ಹುಡುಗಿ ಬೆಳಗ್ಗೆ ಎಂಟಕ್ಕೆ ಬಂದು, ಖಾಲಿ ಆಫೀಸಿನಲ್ಲಿ ಒಬ್ಬಳೇ ಕೂತು, ತನ್ನ ಟೀಚರನ್ನು ಬಚಾವು ಮಾಡಿದ್ದಳು. ತನಗೆ ಗೊತ್ತಿರುವುದನ್ನು ಗೊತ್ತಿಲ್ಲವೆಂದು ಬರೆದು. ಆ ಟೀಚರೇ ತನ್ನನ್ನು ಕೈಬಿಟ್ಟದ್ದನ್ನು ನೋಡಿಯೂ. ನಾಚಿಕೆ ಎಂದುಕೊಂಡದ್ದು ಬಾಯಿಗೆ ಬರುವಷ್ಟರಲ್ಲಿ ಸಿಟ್ಟಾಗಿತ್ತು.

‘ಇದರಲ್ಲಿ ಇರೋದೆಲ್ಲ ಸುಳ್ಳು ಮೇಡಂ’ ಎಂದು ಪ್ರಿನ್ಸಿಪಾಲರಿಗೆ ತಮಿಳಿನಲ್ಲಿ ಹೇಳಿದಳು. ‘ನಾನೇ ಹಾಗೆ ಹೇಳಿಕೊಟ್ಟಿದ್ದು. ಅದೇ ಸರಿ. g ಅನ್ನೋದು ಒಂದು ಅಳತೆಯ ಹೆಸರು. ಚೆಂಡು ಮೇಲೆ ಹೋಗಲಿ ಕೆಳಗೆ ಬರಲಿ, ಅದು ಬದಲಾಗೋದಿಲ್ಲ. ಮೈನಸ್ ಬರೋದು ನಾವು ಮೇಲನ್ನ ಪ್ಲಸ್ ಅಂತ ಹಿಡಿದದ್ದರಿಂದ. ಕೆಳಗನ್ನ ಪ್ಲಸ್ ಅಂತ ಹಿಡಿದರೆ? ಆಗ ಸಾರ್ ಅವರ g ಏನಾಗುತ್ತೆ, ಕೇಳಿ.’

‘ಮೂವತ್ತು ವರ್ಷದಿಂದ ನಾನು ಹೀಗೇ ಬರೆಸ್ತಿದೀನಿ’ ಎಂದರು ಮೋಹನ್‌ರಾಜ್. ದನಿ ಈಗ ಮೆತ್ತಗಿರಲಿಲ್ಲ. ‘ನನ್ನ ಕೈಯಲ್ಲಿ ಕಲಿತ ಮಕ್ಕಳು ಡಾಕ್ಟರಾಗಿದ್ದಾರೆ, ಎಂಜಿನಿಯರಾಗಿದ್ದಾರೆ. ಯಾರೂ ಬಂದು ಕೇಳಲಿಲ್ಲ.’

‘ಕೇಳಿದವಳನ್ನ ನೀವು ಬಾಗಿಲ ಹೊರಗೆ ನಿಲ್ಲಿಸಿದಿರಿ ಸಾರ್.’

‘ನಿನ್ನೆ ನೀವೇ ಹೇಳಲಿಲ್ವಾ, ಬರೀ ಬರೆಯೋ ರೀತಿ ಅಂತ?’

‘ಹೇಳಿದೆ. ಹೆದರಿ ಹೇಳಿದೆ.’ ಜೆಯಂತಿ ಕಾಗದವನ್ನು ಅವರ ಕಡೆ ಚಾಚಿದಳು. ‘ಅಷ್ಟು ಸಣ್ಣ ವಿಷಯವಾಗಿದ್ದರೆ ಅದಕ್ಕೊಂದು ಹುಡುಗಿಯ ಟಿ.ಸಿ. ಯಾಕೆ ಕೇಳ್ತಿದೀರಿ ಸಾರ್?’

ಪ್ರಿನ್ಸಿಪಾಲ್ ಕೈಯೆತ್ತಿದರು. ಮಧ್ಯದ ದಾರಿ ಅವರಿಗೆ ಸಿದ್ಧವಾಗಿತ್ತು: ಟಿ.ಸಿ. ಮಾತು ಬೇಡ, ಕರುಣೆಯ ಮೇಲೆ ಎರಡು ಅಂಕ ಕೊಟ್ಟುಬಿಡೋಣ, ಹುಡುಗಿ ಪೆನ್ಸಿಲಿನಲ್ಲಿ ಬರೆದ ರೀತಿಗೆ ಮಾತ್ರ ಕ್ಷಮೆ ಕೇಳಲಿ, ಕಾಗದ ಫೈಲಿನಲ್ಲಿರಲಿ. ಜೆಯಂತಿ ಕಾಗದವನ್ನು ಮೇಜಿನ ಮೇಲಿಟ್ಟು, ಹುಡುಗಿಯ ಸಹಿಯ ಕೆಳಗೆ ಬರೆದಳು: ‘ಈ ವಿದ್ಯಾರ್ಥಿನಿಯ ಉತ್ತರ ಸರಿ. ಹೀಗೆ ಹೇಳಿಕೊಟ್ಟವಳು ನಾನು. ಮಾದರಿ ಉತ್ತರ ತಪ್ಪು.’ ತನ್ನ ಪೂರ್ತಿ ಹೆಸರು, ತಾರೀಖು. ‘ಈಗ ಫೈಲಿನಲ್ಲಿಡಿ ಮೇಡಂ’ ಎಂದಳು.

‘ಇವರ ಜೊತೆ ನಾನು ಕೆಲಸ ಮಾಡೋದಿಲ್ಲ’ ಎಂದು ಮೋಹನ್‌ರಾಜ್ ಎದ್ದು ನಿಂತರು. ದೈವಾನೈ ಮಾತ್ರ ಕೂತಲ್ಲಿಂದಲೇ, ಅವರಿಗೂ ಅರ್ಥವಾಗಲೆಂದು ತಮಿಳಿನಲ್ಲಿ, ‘ನನ್ನ ಮಗಳ ಮಾರ್ಕು ಕರುಣೆಯದ್ದು ಬೇಡ. ಅವಳದ್ದಾದರೆ ಕೊಡಿ’ ಎಂದಳು.

ಟಿ.ಸಿ. ಕೊಡಲಿಲ್ಲ. ಮಾರ್ಕೂ ಕೊಡಲಿಲ್ಲ. ಪತ್ರಿಕೆಯನ್ನು ಪರಿಣತರೊಬ್ಬರಿಗೆ ಕಳಿಸುತ್ತೇವೆ ಎಂದರು ಪ್ರಿನ್ಸಿಪಾಲ್. ಯಾರಿಗೆ, ಯಾವಾಗ ಎಂದು ಹೇಳಲಿಲ್ಲ. ದೈವಾನೈ ಹೊರಗೆ ಬಂದು, ಜೆಯಂತಿಯ ಮೊಣಕೈಯನ್ನು ಒಮ್ಮೆ ಮುಟ್ಟಿ, ಬಿಸಿಲಲ್ಲಿ ಗೇಟಿನ ಕಡೆ ನಡೆದಳು. ಓಚ್ಚಮ್ಮಾಳ್ ಕ್ಲಾಸಿಗೆ ಹೊರಟವಳು ಮೆಟ್ಟಿಲ ಬಳಿ ನಿಂತಳು. ಅವಳು ಥ್ಯಾಂಕ್ಸ್ ಹೇಳುತ್ತಾಳೆ ಎಂದು ಜೆಯಂತಿ ಕಾದಳು. ಹೌದು, ಕಾದಳು, ಮುಖದಲ್ಲಿ ಅದಕ್ಕೆ ತಕ್ಕ ಒಂದು ನಗೆಯನ್ನೂ ಸಿದ್ಧಮಾಡಿಕೊಂಡಿದ್ದಳು.

‘ನಿನ್ನೆ ಯಾಕೆ ಹೇಳಲಿಲ್ಲ ಮಿಸ್?’ ಹುಡುಗಿ ತಮಿಳಿನಲ್ಲಿ ಕೇಳಿದಳು.

‘ಅಂಜಿಕೆಯಾಯ್ತು ಕಣವ್ವ’ ಎಂದಳು ಜೆಯಂತಿ ಕನ್ನಡದಲ್ಲಿ. ಇನ್ನು ಯಾವ ಭಾಷೆಯಲ್ಲಿ ಹೇಳಿದರೂ ಅಷ್ಟೇ ಎನ್ನಿಸಿತ್ತು.

‘ನನಗೂ ಅಂಜಿಕೆಯಾಗಿತ್ತು ಮಿಸ್.’ ಓಚ್ಚಮ್ಮಾಳ್ ಮೊದಲ ಮೆಟ್ಟಿಲಿಗೆ ಕಾಲಿಟ್ಟಳು. ‘ಆದರೂ ಬರೆದಿದ್ದೆ ಅಲ್ವಾ.’ ಬರೆದಿದ್ದೆ ಎಂದದ್ದು ಪೆನ್ಸಿಲಿನ ಸಾಲನ್ನೇ. ಆಮೇಲೆ ಬರೆದ ಕ್ಷಮೆಯ ವಿಷಯ ಇಬ್ಬರೂ ಎತ್ತಲಿಲ್ಲ. ಹುಡುಗಿ ಎರಡೆರಡು ಮೆಟ್ಟಿಲು ಹತ್ತಿ ಹೋಗಿಬಿಟ್ಟಳು.

ಸೋಮವಾರ ನೋಟಿಸ್ ಬೋರ್ಡಿನಲ್ಲಿ ಹೊಸ ವೇಳಾಪಟ್ಟಿ ಇತ್ತು. ಹನ್ನೊಂದನೇ ಕ್ಲಾಸಿನ ಭೌತಶಾಸ್ತ್ರ ಮೋಹನ್‌ರಾಜ್ ಅವರಿಗೆ. ಜೆಯಂತಿಗೆ ಆರು, ಏಳನೇ ಕ್ಲಾಸಿನ ವಿಜ್ಞಾನ. ಸ್ಟಾಫ್ ರೂಮಿನಲ್ಲಿ ಅವಳು ಬಂದು ಕೂತಾಗ ಪಕ್ಕದವರು ಡಬ್ಬಿಯಿಂದ ಒಂದು ವಡೆ ತೆಗೆದು, ಎಂದಿಗಿಂತ ಹೆಚ್ಚಿನ ಪ್ರೀತಿಯಿಂದ ಕೊಟ್ಟರು. ಆ ಪ್ರೀತಿ ಅವಳಿಗೆ ಸಾವಿನ ಮನೆಯ ಪ್ರೀತಿಯಂತೆ ಕಂಡಿತು. ವಡೆ ತಿಂದಳು. ಕ್ಲಾಸು ಒಪ್ಪಿಸುವ ಮುಂಚೆ ಅಂಕದ ರಿಜಿಸ್ಟರ್ ತಾಳೆ ನೋಡಿ ಸಹಿ ಹಾಕಬೇಕೆಂದು ಗುಮಾಸ್ತ ಅರೆವಾರ್ಷಿಕದ ಕಟ್ಟನ್ನು ತಂದು ಅವಳ ಮುಂದಿಟ್ಟ. ನಲವತ್ತಾರು ಪತ್ರಿಕೆ. ಅಂಕ ಮಾತ್ರ ನೋಡಿದರೆ ಸಾಕಿತ್ತು. ಆದರೆ ಮೊದಲ ಪತ್ರಿಕೆಯಲ್ಲೇ ಅವಳ ಕೈ ಚೆಂಡಿನ ಪ್ರಶ್ನೆಗೆ ಹೋಯಿತು.

a ಅಕ್ಷರದ ಕಾಲಿಗೆ y, ಮೈನಸ್ ಒಂಬತ್ತು ಪಾಯಿಂಟ್ ಎಂಟು. ಕೆಳಗೆ g, ಮೈನಸ್ ಇಲ್ಲದೆ. ಅದರ ಮೇಲೆ ಸ್ಕೇಲಿಟ್ಟು ಎಳೆದ ಒಂದು ನೀಟಾದ ಗೆರೆ. ಗೆರೆಯ ಕೆಳಗೆ, g ಮೈನಸ್ ಒಂಬತ್ತು ಪಾಯಿಂಟ್ ಎಂಟು, ಕೆಂಪು ರೈಟು, ಎರಡು ಅಂಕ. ಎರಡನೆಯ ಪತ್ರಿಕೆ ನೇರವಾಗಿ ತಪ್ಪು ಬರೆದಿತ್ತು. ಮೂರನೆಯದರಲ್ಲಿ ಮತ್ತೆ ಆ ಗೆರೆ. ಐದನೆಯದರಲ್ಲಿ. ಆರರಲ್ಲಿ. ಅವಳು ಬೇಗ ಬೇಗ ತಿರುವತೊಡಗಿದಳು. ಹಿಂದಿನ ಬೆಂಚಿನಲ್ಲಿ ಆಕಳಿಸುತ್ತ ಕೂರುವ ಜೀವಾ ಕೂಡ ಸರಿಯಾಗಿ ಬರೆದಿದ್ದಳು, ಬರೆದು ಹೊಡೆದುಹಾಕಿದ್ದಳು. ಇವಳಿಗೆ ಏನೂ ಹತ್ತುವುದಿಲ್ಲವೆಂದು ತಾನು ಬಿಟ್ಟುಬಿಟ್ಟಿದ್ದ ಹುಡುಗಿ! ಇಪ್ಪತ್ತೊಂಬತ್ತು ಪತ್ರಿಕೆಗಳಲ್ಲಿ ಹಾಗಿತ್ತು. ಇಪ್ಪತ್ತೊಂಬತ್ತು ಮಕ್ಕಳಿಗೆ ಸರಿ ಯಾವುದೆಂದು ಗೊತ್ತಿತ್ತು. ಪತ್ರಿಕೆ ಯಾರ ಕೈಗೆ ಹೋಗುತ್ತದೆ, ಆ ಕೈಗೆ ಯಾವ g ಬೇಕು ಎಂಬುದೂ ಗೊತ್ತಿತ್ತು. ಸ್ಕೇಲು ತೆಗೆದು, ಅಲುಗದಂತೆ ಹಿಡಿದು, ಗೆರೆ ಎಳೆದಿದ್ದರು. ಅದನ್ನು ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ದೊಡ್ಡವರನ್ನು ನೋಡಿಯೇ ಕಲಿತಿದ್ದರು.

ಹೊಡೆದುಹಾಕಿದ ಉತ್ತರಕ್ಕೆ ಅಂಕವಿಲ್ಲ, ಅದು ನಿಯಮ. ಜೆಯಂತಿ ಕೆಂಪು ಪೆನ್ನು ತೆಗೆದುಕೊಂಡಳು. ಮೊದಲ ಪತ್ರಿಕೆಗೆ ಮರಳಿ, ಹೊಡೆದ ಗೆರೆಗೆ ಸಿಕ್ಕಿ ಉಸಿರುಕಟ್ಟಿ ಬಿದ್ದಿದ್ದ ಸರಿ ಸಾಲಿನ ಪಕ್ಕ ಒಂದು ರೈಟು ಹಾಕಿ, ಹೆಸರಿನ ಮೊದಲ ಅಕ್ಷರ ಬರೆದಳು. ಮೂರನೆಯದಕ್ಕೆ ಹಾಕಿದಳು. ಐದಕ್ಕೆ, ಆರಕ್ಕೆ. ‘ಏನ್ ಮೇಡಂ ಮಾಡ್ತಿದೀರಿ, ಅದು ಆಗಲೇ ತಿದ್ದಿದ ಕಟ್ಟು’ ಎಂದು ಪಕ್ಕದವರು ಗಾಬರಿಯಿಂದ ಪಿಸುಗುಟ್ಟಿದರು. ಬಾಗಿಲಲ್ಲಿ ಮೋಹನ್‌ರಾಜ್ ಬಂದು ನಿಂತದ್ದು ಅವಳಿಗೆ ಕಂಡಿತು. ಹನ್ನೊಂದು ಪತ್ರಿಕೆ ಮುಗಿದಿದ್ದವು, ಇನ್ನೂ ಹದಿನೆಂಟು ಉಳಿದಿದ್ದವು. ಅವಳು ಮುಂದಿನ ಪತ್ರಿಕೆ ತಿರುವಿದಳು.